ಪುಸ್ತಕದ ವಯಸ್ಸಲ್ಲ, ಬರೆದವರು ತೀರಿಕೊಂಡ ವರ್ಷ ಹೇಳಿ

ಹಾಸನದಲ್ಲಿ ವಕೀಲಿ ಮಾಡುವ ನನ್ನ ಹತ್ತಿರ ಹಳೇ ಪುಸ್ತಕ ಹಿಡಿದುಕೊಂಡು ಬರುವವರು ಈಗ ಜಾಸ್ತಿಯಾಗಿದ್ದಾರೆ. ಸಣ್ಣ ಪ್ರಕಾಶಕರು, ನಿವೃತ್ತ ಮೇಷ್ಟ್ರುಗಳು, ಊರಿನ ಗ್ರಂಥಾಲಯದಲ್ಲಿ ಗೆದ್ದಲು ಹಿಡಿಯುತ್ತಿರುವ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಳಿಸಬೇಕೆನ್ನುವ ಹುಡುಗರು. ಎಲ್ಲರದ್ದೂ ಒಂದೇ ಪ್ರಶ್ನೆ. “ಸಾರ್, ಇದು ಅಚ್ಚಾಗಿ ಎಂಬತ್ತು ವರ್ಷ ಆಯ್ತು. ಇನ್ನು ಯಾರು ಬೇಕಾದರೂ ಹಾಕಿಸಬಹುದಲ್ವಾ?”

ಅಚ್ಚಾದ ವರ್ಷ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಬರೆದವರು ಯಾವಾಗ ತೀರಿಕೊಂಡರು ಎಂದು ನೋಡಬೇಕು. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕರು ಬದುಕಿರುವಷ್ಟು ಕಾಲ ಹಕ್ಕು ಇರುತ್ತದೆ. ತೀರಿಕೊಂಡ ಮೇಲೂ 60 ವರ್ಷ ಮುಂದುವರಿಯುತ್ತದೆ. ಮೊದಲು ಇದು 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ ತಿದ್ದುಪಡಿ ತಂದು ಹತ್ತು ವರ್ಷ ಸೇರಿಸಿದರು.

ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಸ್ವಾತಂತ್ರ್ಯಕ್ಕೂ ಮುಂಚೆಯೇ ಬರೆಯಲು ಶುರು ಮಾಡಿದವರು. ಅವರು ತೀರಿಕೊಂಡಿದ್ದು 1991ರಲ್ಲಿ. ಹಾಗಾಗಿ ಅವರ ಮೊಟ್ಟಮೊದಲ ಪುಸ್ತಕಕ್ಕೂ 2051ರ ಕೊನೆಯವರೆಗೆ ಹಕ್ಕು ಇದೆ. ಅವರಿಗಿಂತ ಎಷ್ಟೋ ಈಚೆಗೆ ಬರೆದ ತ್ರಿವೇಣಿಯವರು 1963ರಲ್ಲೇ ಹೋದರು. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಹಳೆಯ ಪುಸ್ತಕಕ್ಕೆ ಹಕ್ಕು ಇದೆ, ಹೊಸತಕ್ಕೆ ಇಲ್ಲ.

ಎಣಿಕೆ ಶುರುವಾಗುವುದು ತೀರಿಕೊಂಡ ದಿನದಿಂದಲ್ಲ, ಮುಂದಿನ ವರ್ಷದ ಜನವರಿ 1ರಿಂದ. ಚಿಕ್ಕಮಗಳೂರಿನ ಅಂಬಳೆಯವರಾದ ಎ.ಆರ್. ಕೃಷ್ಣಶಾಸ್ತ್ರಿಗಳು 1968ರಲ್ಲಿ ತೀರಿಕೊಂಡರು. ಅವರ ಕೃತಿಗಳ ಹಕ್ಕು 2028ರ ಡಿಸೆಂಬರ್ 31ರವರೆಗೂ ಇರುತ್ತದೆ. ಇಬ್ಬರು ಸೇರಿ ಬರೆದ ಪುಸ್ತಕವಾದರೆ ಕೊನೆಗೆ ತೀರಿಕೊಂಡವರ ಲೆಕ್ಕ.

ಲೇಖಕರು ಹೋದ ಮೇಲೆ ಮೊದಲ ಸಲ ಪ್ರಕಟವಾದ ಬರಹಕ್ಕೆ ಮಾತ್ರ ಪ್ರಕಟಣೆಯಿಂದ 60 ವರ್ಷ. ಬದುಕಿದ್ದಾಗಲೇ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದರೆ ಅದೂ ಪ್ರಕಟಣೆಯೇ, ಹಾಗಾಗಿ ಹಳೇ ಪತ್ರಿಕೆ ಹುಡುಕುವ ಕೆಲಸ ಸುಮ್ನೆ ಅಲ್ಲ. ಯಾರು ಬರೆದರೆಂದೇ ಗೊತ್ತಿಲ್ಲದ ಪುಸ್ತಕಕ್ಕೂ ಪ್ರಕಟಣೆಯಿಂದಲೇ ಲೆಕ್ಕ. ಕಾವ್ಯನಾಮ ಇದ್ದ ಮಾತ್ರಕ್ಕೆ ಆ ಸಾಲಿಗೆ ಸೇರುವುದಿಲ್ಲ. ತ್ರಿವೇಣಿ ಎಂದರೆ ಅನಸೂಯಾ ಶಂಕರ್ ಎಂದು ಎಲ್ಲರಿಗೂ ಗೊತ್ತಿತ್ತಲ್ಲ.

ನಾನು ಕಂಡಂತೆ ಜನ ಹೆಚ್ಚು ಎಡವುವುದು ಬೇರೆ ಕಡೆ. ಒಂದೇ ಪುಸ್ತಕದೊಳಗೆ ಬೇರೆ ಬೇರೆಯವರ ಹಕ್ಕು ಇರುತ್ತದೆ. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಕವಿಯ ಜೈಮಿನಿ ಭಾರತವನ್ನೇ ನೋಡಿ. ಪದ್ಯಗಳ ಮೇಲೆ ಯಾರ ಹಕ್ಕೂ ಇಲ್ಲ. ಆದರೆ ನಿಮ್ಮ ಕೈಯಲ್ಲಿರುವ ಪ್ರತಿಯಲ್ಲಿ ಗದ್ಯಾನುವಾದ, ತಾತ್ಪರ್ಯ, ಮುನ್ನುಡಿ ಇದ್ದರೆ, ಬರೆದ ಒಬ್ಬೊಬ್ಬರ ಲೆಕ್ಕವೂ ಬೇರೆ. ಒಳಗಿನ ಚಿತ್ರ ಬರೆದವರದ್ದೂ ಬೇರೆ. ಪದ್ಯ ಬೇಕಾದರೆ ಪದ್ಯವನ್ನಷ್ಟೇ ತೆಗೆದುಕೊಳ್ಳಿ. ಇಡೀ ಪುಸ್ತಕವನ್ನು ಹಾಗೇ ಜೆರಾಕ್ಸ್ ಮಾಡಿ ಅಚ್ಚಿಗೆ ಕೊಡಬೇಡಿ.

ಬಿ.ಎಲ್. ರೈಸ್ ಸಂಪಾದಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವೂ ಹೀಗೇ. ಅದು 1902ರಲ್ಲಿ ಮೈಸೂರು ಸರ್ಕಾರದಿಂದ ಬಂದದ್ದು. ಸರ್ಕಾರಿ ಪ್ರಕಟಣೆಗೆ ಪ್ರಕಟಣೆಯಿಂದ 60 ವರ್ಷ. ಅದು ಎಂದೋ ಮುಗಿದಿದೆ, ಧಾರಾಳವಾಗಿ ಬಳಸಿ. ಮೈಸೂರು ವಿಶ್ವವಿದ್ಯಾನಿಲಯ ಆಮೇಲೆ ಹೊರತಂದ ಪರಿಷ್ಕೃತ ಸಂಪುಟಗಳ ಪೀಠಿಕೆ, ಟಿಪ್ಪಣಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಅಂತರ್ಜಾಲದಲ್ಲಿ ಪಿಡಿಎಫ್ ಸಿಕ್ಕಿತು ಎಂದ ಮಾತ್ರಕ್ಕೆ ಹಕ್ಕು ಮುಗಿದಿದೆ ಎಂದಲ್ಲ. ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿ ಹಳೇ ಪುಸ್ತಕಗಳಿಗೆ ಸಾಮಾನ್ಯವಾಗಿ ಪ್ರಕಟಣೆಯಿಂದ 95 ವರ್ಷ. ಅಲ್ಲಿ ಮುಕ್ತವಾದದ್ದು ಇಲ್ಲಿ ಮುಕ್ತವಾಗಿರಬೇಕಿಲ್ಲ. ಇಲ್ಲಿ ಅಚ್ಚು ಹಾಕುವವರಿಗೆ ಇಲ್ಲಿನ ಕಾಯ್ದೆ.

ಹಕ್ಕು ಮುಗಿದಿರದಿದ್ದರೆ ವಾರಸುದಾರರನ್ನು ಕೇಳಿ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ತಮ್ಮ ಅಪ್ಪನ ಪುಸ್ತಕ ಮತ್ತೆ ಅಂಗಡಿಗೆ ಬರಲಿ ಎಂದು ಕಾಯುತ್ತಿರುವವರೂ ಇದ್ದಾರೆ. ಆದರೆ ಹಿರಿಮಗನ ಬಾಯಿಮಾತು ಸಾಲದು. ಉಯಿಲು ಇಲ್ಲದೆ ಮೂವರು ಮಕ್ಕಳಿದ್ದರೆ ಮೂವರ ಸಹಿಯೂ ಬೇಕು, ಹೆಣ್ಣುಮಕ್ಕಳನ್ನು ಬಿಡಬೇಡಿ. ಲೇಖಕರು ಹಿಂದೆ ಯಾರಾದರೂ ಪ್ರಕಾಶಕರಿಗೆ ಹಕ್ಕು ಬರೆದುಕೊಟ್ಟಿದ್ದರೇ ಎಂದೂ ವಿಚಾರಿಸಿ. ವಾರಸುದಾರರು ಸಿಗದೇ ಇದ್ದರೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಅನುಮತಿಗೆ ಅರ್ಜಿ ಹಾಕುವ ದಾರಿ ಕಾಯ್ದೆಯಲ್ಲೇ ಇದೆ. ಅದು ನಿಧಾನ, ಆದರೂ ದಾರಿಯೇ.

ಹಕ್ಕು ಮುಗಿದಿದೆ ಎಂದು ಗೊತ್ತಾದರೆ ಹೆದರಬೇಡಿ, ಧೈರ್ಯವಾಗಿ ಹಾಕಿಸಿ. ಲೇಖಕರ ಹೆಸರು ಮಾತ್ರ ತೆಗೆಯಬೇಡಿ. ತೀರಿಕೊಂಡ ವರ್ಷಕ್ಕೆ ಆಧಾರ ಯಾವುದು, ಮರಣಪತ್ರವೋ ಅಂದಿನ ಪತ್ರಿಕೆಯ ಸುದ್ದಿಯೋ ಮನೆಯವರ ಲಿಖಿತ ಹೇಳಿಕೆಯೋ, ಅದರ ಒಂದು ನಕಲನ್ನು ಅಚ್ಚಿಗೆ ಕೊಡುವ ಮೊದಲೇ ಫೈಲಿನಲ್ಲಿ ಇಟ್ಟುಕೊಳ್ಳಿ.