ಮೂರು ಟೇಬಲ್‌ಗೆ ಮೂರು ಫಾರ್ಮ್ ಬೇಕಾ?

ಪ್ರಶ್ನೆ: ಲೈಬ್ರರಿಯ ಲೆಕ್ಕ ಇಡೋಕೆ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನಲ್ಲಿ ಸದಸ್ಯರು, ಪುಸ್ತಕಗಳು, ಎರವಲು ಅಂತ ಮೂರು ಟೇಬಲ್ ಮಾಡಿದ್ದೇನೆ. ಮೂರಕ್ಕೂ ಬೇರೆ ಬೇರೆ ಫಾರ್ಮ್ (ಡೇಟಾ ತುಂಬೋ ಪರದೆ) ಇದೆ. ಪ್ರತಿ ಸಲ ಸದಸ್ಯರ ಐಡಿ, ಪುಸ್ತಕದ ಐಡಿ ಹುಡುಕಿ ಟೈಪ್ ಮಾಡಿ ಸಾಕಾಗಿದೆ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಐಡಿಯನ್ನು ನೀವು ಟೈಪ್ ಮಾಡಲೇಬಾರದು. ಅದು ಫಾರ್ಮ್ ಮಾಡಬೇಕಾದ ಕೆಲಸ.

ಒಂದೇ ವಿಷಯವನ್ನು ಹತ್ತು ಕಡೆ ಬರೆಯದಿರಲಿ ಅಂತ ಡೇಟಾವನ್ನು ಟೇಬಲ್‌ಗಳಾಗಿ ಒಡೆಯುತ್ತೇವೆ. 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ರಿಲೇಷನಲ್ ಮಾದರಿಯನ್ನು (ಡೇಟಾವನ್ನು ಒಂದಕ್ಕೊಂದು ಕೊಂಡಿಯಿರೋ ಟೇಬಲ್‌ಗಳಲ್ಲಿ ಇಡೋ ಕ್ರಮ) ಮುಂದಿಟ್ಟಾಗಿನಿಂದ ನಡೆದುಬಂದ ದಾರಿ ಇದು. ಆದರೆ ಕೌಂಟರ್‌ನಲ್ಲಿ ನಡೆಯೋ ಕೆಲಸ ಹಾಗೆ ಒಡೆದಿರೋದಿಲ್ಲ ಅಲ್ವಾ? ಒಬ್ಬರು ಬರುತ್ತಾರೆ, ಎರಡು ಪುಸ್ತಕ ತಗೊಂಡು ಹೋಗುತ್ತಾರೆ. ಅಷ್ಟೇ. ಹಾಗಾಗಿ ಟೇಬಲ್ ಎಣಿಸಿ ಫಾರ್ಮ್ ಮಾಡಬೇಡಿ, ಕೆಲಸ ನೋಡಿ ಮಾಡಿ.

ನಿಮಗೆ ಬೇಕಾಗಿರೋದು ಸಬ್‌ಫಾರ್ಮ್, ಅಂದರೆ ಫಾರ್ಮ್‌ನೊಳಗೆ ಇನ್ನೊಂದು ಫಾರ್ಮ್. ಮೇಲೆ ಸದಸ್ಯರ ವಿವರ, ಅದರೊಳಗೆ ಕೆಳಗೆ ಅವರ ಎರವಲಿನ ಸಾಲುಗಳು. ಸಬ್‌ಫಾರ್ಮ್‌ನ ಪ್ರಾಪರ್ಟಿಗಳಲ್ಲಿ ಲಿಂಕ್ ಮಾಸ್ಟರ್ ಫೀಲ್ಡ್ಸ್, ಲಿಂಕ್ ಚೈಲ್ಡ್ ಫೀಲ್ಡ್ಸ್ ಅಂತ ಎರಡಿವೆ. ಎರಡರಲ್ಲೂ ಸದಸ್ಯರ ಐಡಿ ಕೊಡಿ. ಆಮೇಲೆ ಕೆಳಗೆ ಹೊಸ ಸಾಲು ಬರೆದಾಗೆಲ್ಲ ಐಡಿ ತಾನಾಗಿಯೇ ಬಂದು ಕೂರುತ್ತದೆ. ಹೊಸ ಸದಸ್ಯರಾದರೂ ತೊಂದರೆ ಇಲ್ಲ. ಕರ್ಸರ್ ಸಬ್‌ಫಾರ್ಮ್‌ಗೆ ಹೋದ ತಕ್ಷಣ ಆಕ್ಸೆಸ್ ಮೇಲಿನ ರೆಕಾರ್ಡನ್ನು ಸೇವ್ ಮಾಡುತ್ತದೆ.

ಇನ್ನು ಪುಸ್ತಕದ ಐಡಿ. ಆ ಜಾಗದಲ್ಲಿ ಕಾಂಬೊ ಬಾಕ್ಸ್ (ಪಟ್ಟಿಯಿಂದ ಆರಿಸೋ ಬಾಕ್ಸ್) ಇಡಿ. ಜನರಿಗೆ ಕಾಣಬೇಕಾದ್ದು ಪುಸ್ತಕದ ಹೆಸರು, ಟೇಬಲ್‌ಗೆ ಹೋಗಬೇಕಾದ್ದು ನಂಬರ್. ಪಟ್ಟಿ ಎಲ್ಲಿಂದ ಬರಬೇಕು ಅಂತ ಹೇಳೋ ರೋ ಸೋರ್ಸ್‌ನಲ್ಲಿ ಐಡಿ ಮೊದಲು, ಹೆಸರು ಆಮೇಲೆ. ಕಾಲಂ ಕೌಂಟ್ 2, ಬೌಂಡ್ ಕಾಲಂ (ಟೇಬಲ್‌ಗೆ ಹೋಗೋ ಕಾಲಂ) 1. ಕಾಲಂ ವಿಡ್ತ್ಸ್‌ನಲ್ಲಿ ಮೊದಲನೆಯದಕ್ಕೆ 0 ಕೊಟ್ಟರೆ ಐಡಿ ಕಣ್ಣಿಗೆ ಬೀಳೋದಿಲ್ಲ. ಲಿಮಿಟ್ ಟು ಲಿಸ್ಟ್ ‘ಯೆಸ್’ ಇರಲಿ, ಇಲ್ಲದ ಪುಸ್ತಕವನ್ನು ಯಾರೂ ಸೇರಿಸೋಕೆ ಆಗಲ್ಲ. ಆಕ್ಸೆಸ್ ಬದಲು ಲಿಬ್ರೆಆಫೀಸ್ ಬೇಸ್ ಅನ್ನೋ ಡೇಟಾಬೇಸ್ ತಂತ್ರಾಂಶ ಬಳಸುವವರಿಗೆ ಇದು ಉಲ್ಟಾ. ಅಲ್ಲಿ ಲಿಸ್ಟ್ ಬಾಕ್ಸ್ ಬಳಸಬೇಕು, ಹೆಸರು ಮೊದಲು, ಐಡಿ ಆಮೇಲೆ. ಬೌಂಡ್ ಫೀಲ್ಡ್ ಎಣಿಕೆ 0ಯಿಂದ ಶುರು, ಆದ್ದರಿಂದ ಎರಡನೇ ಕಾಲಂಗೆ 1 ಅಂತಲೇ ಬರೆಯಬೇಕು.

ಒಂದು ಕಡೆ ಮಾತ್ರ ಹುಷಾರು. ಸದಸ್ಯರನ್ನು ಹುಡುಕೋಕೆ ಅಂತ ಫಾರ್ಮ್‌ನ ತಲೆಯ ಮೇಲೆ ನಾನೂ ಒಮ್ಮೆ ಕಾಂಬೊ ಬಾಕ್ಸ್ ಇಟ್ಟಿದ್ದೆ. ಆರಿಸಿದ್ದು ಯಾವ ಫೀಲ್ಡ್‌ಗೆ ಹೋಗಬೇಕು ಅಂತ ಹೇಳೋ ಅದರ ಕಂಟ್ರೋಲ್ ಸೋರ್ಸ್‌ನಲ್ಲಿ ಸುಮ್ನೆ ಹೆಸರಿನ ಫೀಲ್ಡ್ ಕೊಟ್ಟುಬಿಟ್ಟೆ. ಹೆಸರು ಆರಿಸಿದರೆ ಆ ಸದಸ್ಯರ ರೆಕಾರ್ಡ್ ತೆರೆಯಲಿಲ್ಲ, ಎದುರಿಗಿದ್ದ ಸದಸ್ಯರ ಹೆಸರೇ ಬದಲಾಯಿತು! ಗೊತ್ತಾಗೋ ಹೊತ್ತಿಗೆ ನಾಲ್ಕೈದು ಜನರ ಹೆಸರು ಅದಲು ಬದಲು. ಹುಡುಕೋ ಬಾಕ್ಸ್‌ನ ಕಂಟ್ರೋಲ್ ಸೋರ್ಸ್ ಖಾಲಿ ಇರಬೇಕು.

ತಪ್ಪು ಡೇಟಾ ತಡೆಯೋ ನಿಯಮಗಳನ್ನು ಫಾರ್ಮ್‌ನಲ್ಲಿ ಮಾತ್ರ ಹಾಕಿ ಕೂರಬೇಡಿ. ಯಾರಾದರೂ ಎಕ್ಸೆಲ್‌ನಿಂದ ನೇರವಾಗಿ ಟೇಬಲ್‌ಗೆ ಪೇಸ್ಟ್ ಮಾಡಿದರೆ ಫಾರ್ಮ್‌ಗೆ ಅದರ ಸುದ್ದಿಯೇ ಇರೋದಿಲ್ಲ. ‘ವಾಪಸ್ ಕೊಟ್ಟ ದಿನ, ತಗೊಂಡ ದಿನಕ್ಕಿಂತ ಹಿಂದಿನದಾಗಬಾರದು’ ಅನ್ನೋ ನಿಯಮ ಟೇಬಲ್‌ನಲ್ಲೇ ಇರಲಿ. ರಿಲೇಷನ್‌ಶಿಪ್ಸ್ ವಿಂಡೋದಲ್ಲಿ ರೆಫರೆನ್ಷಿಯಲ್ ಇಂಟೆಗ್ರಿಟಿಗೂ ಟಿಕ್ ಹಾಕಿ. ಆಗ ಸದಸ್ಯರ ಟೇಬಲ್‌ನಲ್ಲೇ ಇಲ್ಲದ ಐಡಿ ಇರೋ ಎರವಲು ಒಳಗೆ ನುಸುಳೋದಿಲ್ಲ.

ಅಂದಹಾಗೆ, ಅರ್ಧ ಬರೆದು ಎಸ್ಕೇಪ್ ಒತ್ತಿದರೆ ಆಟೋನಂಬರ್‌ನಲ್ಲಿ (ಆಕ್ಸೆಸ್ ತಾನೇ ಕೊಡೋ ಐಡಿ ಸಂಖ್ಯೆ) ಒಂದು ಸಂಖ್ಯೆ ಹಾರಿಹೋಗುತ್ತದೆ. 41 ಆದಮೇಲೆ 43 ಬಂದರೆ ಗಾಬರಿ ಬೇಡ, ಏನೂ ಕಳೆದುಹೋಗಿಲ್ಲ.