ಕಾಲು ಉಳುಕಿದರೆ: ನೋವು ಹೋದ ಮೇಲಿನ ಕೆಲಸ

ವಾಲಿಬಾಲ್‌ನಲ್ಲಿ ಬ್ಲಾಕ್ ಮಾಡಲು ಹಾರಿದವರು ಇಳಿಯುವಾಗ ಎದುರಾಳಿಯ ಪಾದದ ಮೇಲೆ ಕಾಲಿಟ್ಟರೆ, ಪಾದ ಒಳಗಡೆಗೆ ಮಡಚಿಕೊಳ್ಳುತ್ತದೆ. ಆಂಕಲ್ (ಪಾದದ ಗಿಣ್ಣಿನ ಕೀಲು) ಉಳುಕುಗಳಲ್ಲಿ ಹೆಚ್ಚಿನವು ಹೀಗೆ ಪಾದ ಒಳಗೆ ತಿರುಗಿಯೇ ಆಗುವಂಥವು.

ನಿಮ್ಮ ಕಾಲಿನ ಹೊರಗಡೆ ಗಿಣ್ಣನ್ನು ಮುಟ್ಟಿ ನೋಡಿ. ಅದು ಫಿಬುಲಾ ಮೂಳೆಯ ತುದಿ. ಅಲ್ಲಿಂದ ಪಾದದ ಮೂಳೆಗಳಿಗೆ ಮೂರು ಲಿಗಮೆಂಟ್‌ಗಳಿವೆ, ಅಂದರೆ ಮೂಳೆಗಳನ್ನು ಜೋಡಿಸುವ ಗಟ್ಟಿ ನಾರಿನ ಪಟ್ಟಿಗಳು. ಮುಂದಿನದರ ಹೆಸರು ಆಂಟೀರಿಯರ್ ಟೇಲೋಫಿಬ್ಯುಲರ್. ಮೊದಲ ಪೆಟ್ಟು ಸಾಮಾನ್ಯವಾಗಿ ಇದಕ್ಕೇ. ಬರೀ ಎಳೆದುಕೊಂಡಿದ್ದರೆ ಗ್ರೇಡ್ 1, ಸ್ವಲ್ಪ ಹರಿದಿದ್ದರೆ 2, ಪೂರ್ತಿ ಹರಿದಿದ್ದರೆ 3.

ಮೈದಾನದಲ್ಲಿ ಮೊದಲು ಏಳುವ ಪ್ರಶ್ನೆಯೇ ಬೇರೆ: ಮೂಳೆ ಮುರಿದಿದೆಯಾ? ಊತ ನೋಡಿ ಇದನ್ನು ಹೇಳಲಾಗದು. ಇದಕ್ಕೆ ಕೆನಡಾದ ಒಟ್ಟಾವದಲ್ಲಿ 1990ರ ದಶಕದ ಆರಂಭದಲ್ಲಿ ವೈದ್ಯರು ರೂಪಿಸಿದ ನಿಯಮವಿದೆ. ಗಿಣ್ಣಿನ ಸುತ್ತ ನೋವಿದ್ದಾಗ, ಒಳಗಿನ ಅಥವಾ ಹೊರಗಿನ ಗಿಣ್ಣಿನ ತುದಿಯನ್ನೋ, ಅದರ ಹಿಂಬದಿಯ ಅಂಚಿನ ಕೆಳಗಿನ 6 ಸೆಂ.ಮೀ. ಭಾಗವನ್ನೋ ಒತ್ತಿ. ಮೂಳೆಯ ಮೇಲೆಯೇ ನೋವಾದರೆ ಎಕ್ಸ್‌ರೇ ಬೇಕು. ಬಿದ್ದ ತಕ್ಷಣವೂ, ಆಮೇಲೆ ವೈದ್ಯರು ನೋಡುವಾಗಲೂ 4 ಹೆಜ್ಜೆ ಇಡಲಾಗದಿದ್ದರೂ ಎಕ್ಸ್‌ರೇ ಬೇಕು. ಕುಂಟುತ್ತಾ ಇಟ್ಟರೂ ಅದು ಹೆಜ್ಜೆಯೇ. ಪಾದದ ನಡುಭಾಗ ನೋಯುತ್ತಿದ್ದರೆ ಇನ್ನೆರಡು ಜಾಗ ಒತ್ತಬೇಕು: ಕಿರುಬೆರಳಿನ ಕಡೆಯ ಉದ್ದ ಮೂಳೆಯ ಬುಡ ಮತ್ತು ಒಳಬದಿಯ ನಾವಿಕ್ಯುಲರ್ ಮೂಳೆ. ಇವನ್ನು ಮರೆಯುವವರೇ ಜಾಸ್ತಿ. ಕಾಲಿನ ಸ್ಪರ್ಶ ಕಡಿಮೆಯಾದ ಮಧುಮೇಹಿಗಳಲ್ಲಿ ಈ ನಿಯಮವನ್ನು ನೆಚ್ಚಿಕೊಳ್ಳಬೇಡಿ.

ಮೊದಲ ಎರಡು-ಮೂರು ದಿನ ಕಾಲಿಗೆ ಭಾರ ಕಡಿಮೆ ಕೊಡಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಮಲಗುವಾಗ ದಿಂಬಿನ ಮೇಲೆ ಎತ್ತಿಡಿ. ಐಸ್ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿ, ಒಂದು ಸಲಕ್ಕೆ 15 ನಿಮಿಷದ ಆಸುಪಾಸು. ಅದರಿಂದ ನೋವು ತಗ್ಗುತ್ತದೆ, ಆದರೆ ಗಾಯ ಬೇಗ ಮಾಯುತ್ತದೆ ಎಂದೇನೂ ಇಲ್ಲ. 1978ರಲ್ಲಿ ರೈಸ್ (RICE: ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತಿಡುವುದು) ಸೂತ್ರ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ, ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ಮಾಯುವುದನ್ನು ತಡಮಾಡಬಹುದು ಎಂದು ಆಮೇಲೆ ತಿದ್ದಿಕೊಂಡರು.

ನಮ್ಮ ಊರುಗಳಲ್ಲಿ ಕಾಲು ಉಳುಕಿದ ಸಂಜೆಯೇ ಉಳುಕು ತೆಗೆಸಲು ಕರೆದುಕೊಂಡು ಹೋಗುತ್ತಾರೆ. ಕಾಳಜಿಯಿಂದಲೇ ಮಾಡುತ್ತಾರೆ, ಆದರೆ ಆ ಹೊತ್ತಿನಲ್ಲಿ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿದರೆ ಹರಿದ ಜಾಗದಲ್ಲಿ ರಕ್ತ ಇನ್ನೂ ಸೋರಿ ಊತ ಹೆಚ್ಚಬಹುದು. ಒಳಗೆ ಮೂಳೆ ಬಿರುಕು ಬಿಟ್ಟಿದ್ದರಂತೂ ಕಷ್ಟ. ಬಿಸಿ ಶಾಖವೂ ಆಗ ಬೇಡ.

ಇನ್ನು ಮುಖ್ಯ ವಿಷಯ. ಲಿಗಮೆಂಟ್ ಸುಮ್ನೆ ಹಗ್ಗದಂತೆ ಮೂಳೆಗಳನ್ನು ಕಟ್ಟಿಡುವುದಷ್ಟೇ ಅಲ್ಲ. ಪಾದ ಎಷ್ಟು ವಾಲಿದೆ ಎಂದು ಮೆದುಳಿಗೆ ತಿಳಿಸುವ ನರಗಳ ತುದಿಗಳೂ ಅದರಲ್ಲಿವೆ. ಉಳುಕಿದಾಗ ಆ ಸುದ್ದಿಯೂ ಕೆಡುತ್ತದೆ. ನೋವು ಕೆಲವು ವಾರಗಳಲ್ಲಿ ಹೋಗಬಹುದು, ಲಿಗಮೆಂಟ್ ಗಟ್ಟಿಯಾಗಲು ತಿಂಗಳುಗಳು ಬೇಕು. ನೋವಿಲ್ಲ ಅಂತ ಮೈದಾನಕ್ಕೆ ಇಳಿದವರ ಅದೇ ಕಾಲು ಮತ್ತೆ ಮತ್ತೆ ಉಳುಕುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಹಾಗಾಗಿ ಸಮತೋಲನದ ಅಭ್ಯಾಸ ಬಿಡಬಾರದು. ಎರಡೂ ಕಾಲಿನ ಮೇಲೆ ಆರಾಮಾಗಿ ನಿಲ್ಲಲು ಬಂದ ಮೇಲೆ ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಂತು ನೋಡಿ. ಮೊದಮೊದಲು ಪಾದ ಪುಟಪುಟ ಅಲುಗುತ್ತದೆ, ಬೆರಳುಗಳು ನೆಲವನ್ನು ಹಿಡಿಯಲು ನೋಡುತ್ತವೆ. 30 ಸೆಕೆಂಡು ನಿಲ್ಲಲು ಬಂದರೆ ಕಣ್ಣು ಮುಚ್ಚಿ, ಆಮೇಲೆ ಮಡಿಸಿದ ಕಂಬಳಿಯ ಮೇಲೆ, ಆಮೇಲೆ ಚೆಂಡು ಹಿಡಿಯುತ್ತಾ. ಜೊತೆಗೆ ಪಾದವನ್ನು ಹೊರಕ್ಕೆ ತಿರುಗಿಸುವ ಪೆರೋನಿಯಲ್ ಸ್ನಾಯುಗಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಬಲ ತುಂಬಬೇಕು.

ಆಟಕ್ಕೆ ಮರಳುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಬೇಡಿ. ಪೆಟ್ಟಾದ ಕಾಲಲ್ಲಿ ಕುಪ್ಪಳಿಸಿ, ಅಡ್ಡಡ್ಡ ಹಾರಿ, ಓಡುತ್ತಾ ಥಟ್ಟನೆ ತಿರುಗಿ, ಇನ್ನೊಂದು ಕಾಲಿನೊಂದಿಗೆ ಹೋಲಿಸಿ. ಎರಡಕ್ಕೂ ಹೆಚ್ಚುಕಡಿಮೆ ಕಾಣದಿದ್ದರೆ ಆಡಬಹುದು. ಆಗಲೂ ಕೆಲವು ತಿಂಗಳು ಆಡುವಾಗ ಆಂಕಲ್ ಬ್ರೇಸ್ (ಗಿಣ್ಣಿಗೆ ಆಸರೆ ಕೊಡುವ ಪಟ್ಟಿ) ಹಾಕಿಕೊಳ್ಳುವುದು ಒಳ್ಳೆಯದು.