ಮೊದಲು ಕತ್ತಲು, ಆಮೇಲೆ ನಕ್ಷತ್ರ

ದೀಪ ಉರಿಯುತ್ತಿರುವ ಕೋಣೆಯಿಂದ ಪುಟ್ಟ ಮಗುವನ್ನು ನೇರವಾಗಿ ತಾರಸಿಗೆ ಕರೆದೊಯ್ದು ‘ನೋಡು, ಎಷ್ಟೊಂದು ನಕ್ಷತ್ರ!’ ಎಂದರೆ ಅದು ‘ಎಲ್ಲಿ?’ ಎಂದು ಕೇಳುತ್ತದೆ. ಮಗು ಹೇಳುವುದು ಸರಿಯೇ. ಅದರ ಕಣ್ಣು ಇನ್ನೂ ಮನೆಯೊಳಗೇ ಇದೆ. ಕಣ್ಣಿನ ಪಾಪೆ ಕತ್ತಲಲ್ಲಿ ಬೇಗ ಹಿಗ್ಗುತ್ತದೆ. ಆದರೆ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳಿಗೆ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಬೇಕು. ಬೆಳಕು ತಾಗಿದಾಗ ಒಡೆದುಹೋಗುವ ಈ ದ್ರವ್ಯ ಮತ್ತೆ ತುಂಬಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ. ನಡುವೆ ಯಾರಾದರೂ ಒಮ್ಮೆ ಮೊಬೈಲ್ ತೆರೆದರೂ ಕಾದದ್ದೆಲ್ಲ ವ್ಯರ್ಥ. ಟಾರ್ಚ್ ಬೇಕೇಬೇಕೆಂದರೆ ಅದರ ಬಾಯಿಗೆ ಕೆಂಪು ಹಾಳೆ ಕಟ್ಟಿ. ಕಡುಗೆಂಪು ಬೆಳಕಿಗೆ ದಂಡಕೋಶಗಳು ಹೆಚ್ಚು ಸ್ಪಂದಿಸುವುದಿಲ್ಲ.

ಆಕಾಶ ವೀಕ್ಷಣೆಯ ಮೊದಲ ಪಾಠ ಈ ಕಾಯುವಿಕೆ ಎಂದೇ ನಾನು ನಂಬಿದ್ದೇನೆ. ಮಕ್ಕಳಿಗೆ ಇದು ಬೇಸರ ತರುತ್ತದೆ ಎನ್ನುವವರು ಒಮ್ಮೆ ಜೊತೆಗೆ ಕುಳಿತು ನೋಡಬೇಕು. ‘ಈಗ ಎಷ್ಟು ಕಾಣುತ್ತಿದೆ?’ ಎಂದು ಐದೈದು ನಿಮಿಷಕ್ಕೊಮ್ಮೆ ಕೇಳಿದರೆ ಸಾಕು, ತನ್ನ ಕಣ್ಣೇ ಬದಲಾಗುತ್ತಿರುವುದನ್ನು ಮಗು ಎಣಿಸಿ ತಿಳಿಯುತ್ತದೆ.

ಕಳೆದ ಚಳಿಗಾಲದಲ್ಲಿ ತಂಗಿಯ ಆರು ವರ್ಷದ ಮಗಳೊಂದಿಗೆ ಹೀಗೆ ಕುಳಿತಿದ್ದೆ. ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧ (ಓರಿಯನ್) ನೆತ್ತಿಯ ಹತ್ತಿರ ಬಂದಿದ್ದ. ನಾನು ಯಾವ ಹೆಸರನ್ನೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದವಳು, ‘ಮಾವ, ಅದೊಂದು ಮಾತ್ರ ಕೆಂಪಗಿದೆ’ ಎಂದಳು. ಅವಳ ಬೆರಳು ಸರಿಯಾಗಿ ಆರ್ದ್ರಾ ನಕ್ಷತ್ರದ ಮೇಲಿತ್ತು. ಚಿತ್ರ ಬರೆಯುವಾಗ ಎಲ್ಲ ನಕ್ಷತ್ರಗಳಿಗೂ ಹಳದಿ ತುಂಬುವ ಹುಡುಗಿ ಅವಳು! ನಾನು ಮೊದಲೇ ಹೆಸರು ಹೇಳಿದ್ದರೆ ಅವಳು ಹೆಸರನ್ನು ಬಾಯಿಪಾಠ ಮಾಡುತ್ತಿದ್ದಳು, ಬಣ್ಣವನ್ನು ನೋಡುತ್ತಿರಲಿಲ್ಲ. ಹೆಸರಿಗೆ ಅವಸರವಿಲ್ಲ.

ಕೆಂಪು ಕಂಡ ಮೇಲೆ ‘ಯಾಕೆ?’ ಎಂಬ ಪ್ರಶ್ನೆ ತಾನಾಗಿಯೇ ಬಂತು. ಕುಲುಮೆಯಲ್ಲಿ ಕಾಯಿಸಿದ ಕಬ್ಬಿಣ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಹಳದಿ, ಆಮೇಲೆ ಬಿಳಿ. ನಕ್ಷತ್ರಗಳದ್ದೂ ಅದೇ ಲೆಕ್ಕ. ಆರ್ದ್ರಾದ ಮೇಲ್ಮೈ ಸುಮಾರು 3,300 ಡಿಗ್ರಿ ಸೆಲ್ಸಿಯಸ್, ನಮ್ಮ ಸೂರ್ಯನದು 5,500. ಅದೇ ಮಹಾವ್ಯಾಧನ ಇನ್ನೊಂದು ಮೂಲೆಯಲ್ಲಿ ನೀಲಿ ಬೆರೆತ ಬಿಳುಪಿನಲ್ಲಿ ಹೊಳೆಯುವ ರೀಗಲ್ 12,000 ಡಿಗ್ರಿಯ ಆಸುಪಾಸಿನಲ್ಲಿದೆ. ಕೆಂಪು ಎಂದರೆ ಬಿಸಿ, ನೀಲಿ ಎಂದರೆ ತಂಪು ಎಂದು ಕಲಿತ ಮಗುವಿಗೆ ಇದು ತಲೆಕೆಳಗಾದ ಲೋಕ. ಆ ಅಚ್ಚರಿಯನ್ನು ಅದು ತಾನೇ ಅನುಭವಿಸಲಿ, ನಾವು ನಡುವೆ ಮಾತನಾಡದಿರೋಣ.

ಕೃತ್ತಿಕೆಯ ಗೊಂಚಲಿನಲ್ಲಿ ಇನ್ನೊಂದು ಸೋಜಿಗವಿದೆ. ನೇರವಾಗಿ ದಿಟ್ಟಿಸಿದರೆ ಮಸುಕಾದ ಚುಕ್ಕೆಗಳು ಮಾಯವಾಗುತ್ತವೆ, ತುಸು ಪಕ್ಕಕ್ಕೆ ನೋಡಿದರೆ ಮತ್ತೆ ಮೂಡುತ್ತವೆ. ಅಕ್ಷಿಪಟಲದ ನಟ್ಟನಡುವೆ ದಂಡಕೋಶಗಳಿಲ್ಲ, ಅವು ಅದರ ಸುತ್ತ ಇವೆ. ಓರೆಗಣ್ಣಿನಿಂದ ನೋಡಿದರೇ ಹೆಚ್ಚು ಕಾಣುತ್ತದೆ ಎಂದು ತಿಳಿದ ಮಗು ಅರ್ಧ ಗಂಟೆ ಅದನ್ನೇ ಆಡುತ್ತಾ ಕೂರುತ್ತದೆ.

ದೂರದರ್ಶಕ? ಸದ್ಯಕ್ಕೆ ಬೇಡ. ಅದು ತೋರಿಸುವುದು ಆಕಾಶದ ಒಂದು ಚೂರನ್ನು ಮಾತ್ರ, ಮತ್ತು ಪುಟ್ಟ ಮಕ್ಕಳಿಗೆ ಅದರ ಕಿಂಡಿಗೆ ಕಣ್ಣು ಹೊಂದಿಸುವುದೇ ಕಷ್ಟ. ಚಂದ್ರನ ಕುಳಿಗಳಿಗೆ ಒಂದು ಸಾಧಾರಣ ಬೈನಾಕ್ಯುಲರ್ ಸಾಕು. ಅದನ್ನು ಸೂರ್ಯನತ್ತ ಎಂದೂ ತಿರುಗಿಸಬಾರದು, ಹಗಲಿನಲ್ಲಿ ಮಗುವಿನ ಕೈಗೆಟುಕುವಲ್ಲಿ ಇಡಲೂಬಾರದು.

ಉಪಕರಣವಿಲ್ಲದೆಯೇ ಭೂಮಿ ತಿರುಗುವುದನ್ನು ನೋಡಬಹುದು. ಚಾಚಿದ ಕೈಯ ಕಿರುಬೆರಳು ಆಕಾಶದಲ್ಲಿ ಸುಮಾರು ಒಂದು ಡಿಗ್ರಿಯನ್ನು ಮರೆಮಾಡುತ್ತದೆ. ಭೂಮಿಗೆ ಅಷ್ಟು ತಿರುಗಲು ನಾಲ್ಕು ನಿಮಿಷ ಸಾಕು. ಆ ರಾತ್ರಿ ನಾವು ತಡವಾಗಿ ಮತ್ತೆ ಮೇಲೆ ಬಂದಾಗ ಮಹಾವ್ಯಾಧ ಪಶ್ಚಿಮಕ್ಕೆ ಇಳಿದಿದ್ದ. ಹುಡುಗಿ ಗದ್ದವನ್ನು ಮೋಟುಗೋಡೆಗೆ ಊರಿ ತಲೆ ಅಲುಗಿಸದೆ ನೋಡತೊಡಗಿದಳು. ನಡುಪಟ್ಟಿಯ ಮೂರು ಚುಕ್ಕೆಗಳು ಎದುರಿನ ನೀರಿನ ಟ್ಯಾಂಕಿನ ಹಿಂದೆ ನಾಲ್ಕೈದು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಮರೆಯಾದವು. ಮೂರನೆಯದು ಹೋದಾಗ ಅವಳು ಗೋಡೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಜ್ಯೋತಿರ್ವರ್ಷದಂಥ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ದೊಡ್ಡ ಮಾತು ಮಕ್ಕಳಿಗೆ ಅರ್ಥವಾಗದು ಎಂಬ ಅಂಜಿಕೆ ಬೇಡ. ವಯಸ್ಸು ಯಾವ ಮಗುವಿಗೆ ಗೊತ್ತಿಲ್ಲ? ಲುಬ್ಧಕದ ಬೆಳಕು ನಮ್ಮನ್ನು ಮುಟ್ಟಲು ಎಂಟೂವರೆ ವರ್ಷ ಬೇಕು. ಅಂದರೆ ಅವಳು ಕಂಡದ್ದು ತಾನು ಹುಟ್ಟುವ ಮೊದಲೇ ಹೊರಟ ಬೆಳಕು. ಪುನರ್ವಸುವಿನ ಜೋಡಿಯಲ್ಲಿ ಹೆಚ್ಚು ಬೆಳಗುವ ಪೊಲಕ್ಸ್ 34 ಜ್ಯೋತಿರ್ವರ್ಷ ದೂರ. ‘ಅದು ಅಮ್ಮನ ನಕ್ಷತ್ರ’ ಎಂದಳು, ತಂಗಿಗೆ ಮೂವತ್ತನಾಲ್ಕು. ಕೆಂಬಣ್ಣದ ರೋಹಿಣಿಯ ದೂರ ಸುಮಾರು 65 ಜ್ಯೋತಿರ್ವರ್ಷ ಎಂದೆ. ಅವಳು ಬೆರಳು ಮಡಚಿ ಏನೋ ಲೆಕ್ಕ ಹಾಕಿ, ಮೆಟ್ಟಿಲಿಳಿದು ಓಡಿದಳು. ಕೆಳಗಿನಿಂದ ಅವಳ ದನಿ ಕೇಳಿಸಿತು: ‘ಅಜ್ಜಿ, ಎದ್ದು ಬಾ, ನಿನ್ನದು ಮುಳುಗಿಹೋಗುತ್ತದೆ. ದೀಪ ಹಾಕಬೇಡ!’